ಗುರುತಿಲ್ಲದ ಒಬ್ಬರು ಬೇಕಾಗಿದ್ದರು

ಮಗಳು ಶಾಂಭವಿ ತಲೆ ಬಾಚುವುದನ್ನು ಬಿಟ್ಟಿದ್ದು ಮೊದಲು ನನ್ನ ಹೆಂಡತಿಯ ಕಣ್ಣಿಗೆ ಬಿತ್ತು. ಆಮೇಲೆ ಊಟ ಕಡಿಮೆಯಾಯಿತು. ಕಾಲೇಜು ನಿಂತಿತು. ಬಿ.ಕಾಂ. ಕೊನೆಯ ವರ್ಷ, ಪರೀಕ್ಷೆಯ ಭಯ ಇರಬೇಕು ಅಂದುಕೊಂಡೆವು. ಒಂದು ಮಧ್ಯಾಹ್ನ ಅವಳಮ್ಮ ಬೀನ್ಸ್ ಹೆಚ್ಚುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು, ತಣ್ಣಗೆ ಹೇಳಿದಳಂತೆ.

"ಅಮ್ಮ, ನಂಗೆ ಇರ್ಬೇಕು ಅಂತಾನೇ ಅನ್ನಿಸ್ತಿಲ್ಲ."

ನಗರ್ತಪೇಟೆಯಲ್ಲಿ ನನ್ನದು ಗುಂಡಿ, ಲೇಸು, ಜಿಪ್ಪುಗಳ ಹೋಲ್‌ಸೇಲ್ ವ್ಯಾಪಾರ. ಫೋನ್ ಬಂದ ತಕ್ಷಣ ಗಿರಾಕಿಗಳನ್ನು ಎಬ್ಬಿಸಿ, ಶಟರ್ ಎಳೆದು ಮನೆಗೆ ಓಡಿದೆ.

ಸೈಕಿಯಾಟ್ರಿಸ್ಟ್ ಡಿಪ್ರೆಶನ್ ಅಂದರು. ಮಾತ್ರೆ ಬರೆದರು. "ಒಬ್ಬಳನ್ನೇ ಬಿಡ್ಬೇಡಿ. ಮಾತ್ರೆ ಜೊತೆ ವಾರ ವಾರ ಥೆರಪಿನೂ ಬೇಕು. ಅದಕ್ಕೆ ಬೇರೆಯವರನ್ನ ನೋಡ್ಕೊಳ್ಳಿ." ಅಂದಿನಿಂದ ಅವಳು ಬಾತ್‌ರೂಮಿಗೆ ಹೋದರೂ ನಮ್ಮಿಬ್ಬರಲ್ಲಿ ಒಬ್ಬರು ಬಾಗಿಲ ಹೊರಗೆ ನಿಲ್ಲುತ್ತಿದ್ದೆವು.

ಮೊದಲು ಸಿಕ್ಕ ಥೆರಪಿಸ್ಟ್ ಹೇಳಿದ ಫೀಸು ಕೇಳಿ ನನಗೇ ತಲೆ ತಿರುಗಿತು. "ಹತ್ತು ಸಿಟ್ಟಿಂಗ್ ಒಟ್ಟಿಗೆ ತಗೋತೀವಿ ಮೇಡಂ, ರೇಟು ನೋಡಿ ಹಾಕಿ" ಅಂದೆ. ಬಾಯಿ ಅಭ್ಯಾಸ, ಏನ್ಮಾಡೋದು! ಅವರು ನಗಲಿಲ್ಲ, ಇಳಿಸಲೂ ಇಲ್ಲ. ಹಾಗೂ ಹೀಗೂ ಕೊಟ್ಟೆವು. ಕೆಲವು ವಾರ ಕಳೆದ ಮೇಲೆ ಆಟೋದಲ್ಲಿ ಶಾಂಭವಿ, "ಅಲ್ಲಿ ಅಳೋಕೂ ಇಂಗ್ಲಿಷ್ ಬೇಕಪ್ಪ. ನಂಗೆ ಬೇಡ" ಅಂದಳು.

ಪೇಟೆಯಲ್ಲಿ ನಾವು ಮನೆತನ ವಿಚಾರಿಸದೆ ಒಂದು ಪ್ಯಾಕೆಟ್ ಗುಂಡಿಯನ್ನೂ ಸಾಲ ಕೊಡುವುದಿಲ್ಲ. ಯಾರ ಕಡೆಯವರು ಎಂದು ತಿಳಿದರೆ ನಂಬಿಕೆ, ಆಮೇಲೆ ವ್ಯವಹಾರ. ಹಾಗಾಗಿ ಚಾಮರಾಜಪೇಟೆಯಲ್ಲಿ ನಮ್ಮವರೇ ಒಬ್ಬರು ಕೌನ್ಸೆಲರ್ ಇದ್ದಾರೆ ಎಂದು ಗೊತ್ತಾದಾಗ ಶಿವನೇ ಕಣ್ಣು ಬಿಟ್ಟ ಅಂದುಕೊಂಡೆ. ಫೀಸೂ ಬೇಡ ಅಂದರು. ಒಳ್ಳೆಯ ಹೆಂಗಸು. "ನಿಮ್ಮಮ್ಮನ ತವರು ಯಾವೂರಮ್ಮ?" ಎಂದು ಶುರುಮಾಡಿದರು. ಕಾಫಿ ಮುಗಿಯುವುದರೊಳಗೆ ಅವರು ನನ್ನ ನಾದಿನಿಯ ಬೀಗರು ಎಂದು ಗೊತ್ತಾಯಿತು. ನನಗೆ ಎದೆಭಾರ ಇಳಿದಂತಾಯಿತು. ಮಗಳು ಮಾತ್ರ ಒಳಗೆ ಹೋಗಿ "ಚೆನ್ನಾಗಿದೀನಿ ಆಂಟಿ" ಎಂದಷ್ಟೇ ಹೇಳಿ ಎದ್ದು ಬಂದಳು.

"ಮುಂದಿನ ತಿಂಗಳು ಅವರ ಮನೆ ಮದ್ವೆಗೆ ಹೋಗ್ಬೇಕಲ್ಲಪ್ಪ. ಪಂಕ್ತೀಲಿ ಅವರ ಎದುರಿಗೇ ಕೂತು ಊಟ ಮಾಡ್ಬೇಕು. ಸಾಯ್ಬೇಕು ಅನ್ಸುತ್ತೆ ಅಂತ ಅವರ ಹತ್ರ ಹೆಂಗೆ ಹೇಳ್ಲಿ?"

ಅಯ್ಯೋ, ನನಗೆ ಅದು ಹೊಳೆದೇ ಇರಲಿಲ್ಲ.

ಆಸ್ಪತ್ರೆಯ ಸೋಷಿಯಲ್ ವರ್ಕರ್ ಗವಿಪುರಂನ ಒಂದು ಟ್ರಸ್ಟ್ ಬಗ್ಗೆ ಹೇಳಿದರು. ಕೈಲಾದಷ್ಟು ಫೀಸು. ಸರದಿಗಾಗಿ ಕಾಯಬೇಕಾಯಿತು. ಆ ದಿನಗಳು ನಮ್ಮ ಶತ್ರುವಿಗೂ ಬೇಡ. ಕೊನೆಗೆ ಸಿಕ್ಕ ಕೌನ್ಸೆಲರ್ ಕೋಲಾರದ ಕಡೆ ಮಾತಿನ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ನಾವು ನಗರ್ತಪೇಟೆಯವರು, ನಮ್ಮ ತಾತನ ಕಾಲದಿಂದ..." ಎಂದು ಶುರುಮಾಡಿದೆ.

"ಅದೆಲ್ಲ ಈಗ ಬೇಡ ಸರ್. ಅವಳಿಗೆ ಬೇಕನ್ನಿಸಿದ್ರೆ ಅವಳೇ ಹೇಳ್ತಾಳೆ. ನೀವು ಕೆಳಗೆ ಕೂತಿರಿ."

ಕೋಪ ನೆತ್ತಿಗೇರಿತು. ಆದರೂ ಹೋಗಿ ಕೂತೆ.

ಶಾಂಭವಿ ಇಳಿದು ಬಂದಾಗ ಕಣ್ಣು ಊದಿತ್ತು. "ಏನ್ ಹೇಳ್ದೆ?" ಅಂದೆ. "ಹೇಳಲ್ಲ" ಅಂದಳು. ಹೆತ್ತವರಿಗೆ ಹೇಳದ್ದನ್ನು ಯಾರಿಗೋ ಹೇಳಿದಳಲ್ಲ ಎಂದು ಹೊಟ್ಟೆ ಉರಿಯಿತು. ನಿಜವಾಗಿ ಉರಿಯಿತು. ಮನೆಗೆ ಬಂದು ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಆ ತಟ್ಟೆ ನೋಡಿದ ಮೇಲೆ ನಾನು ಮತ್ತೆ ಏನೂ ಕೇಳಲಿಲ್ಲ.

ಗುಣವಾಯಿತು ಎನ್ನುವ ಧೈರ್ಯ ನನಗಿಲ್ಲ. ಮಾತ್ರೆ ಇನ್ನೂ ನಡೆಯುತ್ತಿದೆ. ಕೆಟ್ಟ ದಿನಗಳೂ ಬರುತ್ತವೆ. ಆ ಹೆಣ್ಣುಮಗಳು ಯಾವ ಊರು, ಯಾರ ಮಗಳು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ತಣ್ಣಗಿರಲಿ.

ಹೋದ ವಾರ ಶಾಂಭವಿ, "ಇನ್ಮೇಲೆ ನಾನೊಬ್ಳೇ ಹೋಗಿ ಬರ್ತೀನಪ್ಪ" ಅಂದಳು. ಡಾಕ್ಟರನ್ನು ಕೇಳಿದೆವು. ಕಳಿಸಿ ನೋಡಿ ಅಂದರು. ಅವಳು ಗೇಟು ದಾಟಿದ ಮೇಲೆ ನಾನು ಅಂಗಡಿಗೆ ಬಂದೆ. ಒಂದೇ ಲೇಸನ್ನು ಅಳೆದದ್ದೇ ಅಳೆದೆ, ಲೆಕ್ಕ ತಪ್ಪುತ್ತಲೇ ಇತ್ತು. ಸಂಜೆಯ ಹೊತ್ತಿಗೆ ಹೆಂಡತಿಯ ಫೋನ್ ಬಂತು. ಲೇಸು ಬಿಟ್ಟು ಎತ್ತಿದೆ.

"ಬಂದ್ಲು ರೀ" ಅಂದಳು.

ಗಿರಾಕಿಯ ಮುಂದೆಯೇ ಅತ್ತುಬಿಟ್ಟೆ.