ಕಿವಿ ಇಟ್ಟವನ ಕಾಗದ

ಯಾವ ಸರ್ಕಾರಿ ಆದೇಶ ಕೈಗೆ ಬಂದರೂ ವನಮಾಲಾಬಾಯಿ ಅದನ್ನು ಮೊದಲ ಸಾಲಿನಿಂದ ಓದುತ್ತಿರಲಿಲ್ಲ. ಕೆಂಪು ಪೆನ್ಸಿಲಿನ ತುದಿಯನ್ನು ಇರುವೆಯ ಹಾಗೆ ಕಾಗದದ ಮೇಲೆ ಹರಿಸುತ್ತ 'ಏಕೆಂದರೆ' ಎಂಬ ಮಾತು ಎಲ್ಲಿದೆ ಎಂದು ಹುಡುಕುತ್ತಿದ್ದರು. ಸಿಕ್ಕರೆ ಅದರ ಕೆಳಗೊಂದು ಗೆರೆ ಎಳೆದು, ಕನ್ನಡಕ ಸರಿಮಾಡಿಕೊಂಡು, ಆಮೇಲೆ ಮೇಲಿನಿಂದ ಓದಲು ಸುರು. ಸಿಗದಿದ್ದರೆ ಕಾಗದ ಮಗುಚಿ ಹಿಂಬದಿಯನ್ನೂ ನೋಡಿ, "ಕಾರಣ ಬರಿಯೂದು ಮರತಾರ, ಇಲ್ಲಾ ಕಾರಣನ ಇಲ್ಲ. ಎರಡರಾಗ ಒಂದು," ಎನ್ನುತ್ತಿದ್ದರು.

ಹಾನಗಲ್ಲಿನ ಕೋರ್ಟಿನೆದುರು ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಹದಿನಾಲ್ಕು ವರ್ಷ ಅವರ ಅರ್ಜಿ, ಅಫಿಡವಿಟ್, ವಕಾಲತ್ತುಗಳನ್ನು ಟೈಪು ಮಾಡಿದವಳು ನಾನು. ಅವರಿಗೆ ಬೇರೆ ಆಫೀಸು ಇರಲಿಲ್ಲ. ನನ್ನ ಅಂಗಡಿಯ ಒಳಮೂಲೆಯ ಮೇಜೇ ಅವರ ಆಫೀಸು. ಸವಣೂರಿನ ವೈದಿಕ ಮನೆತನದ ಹೆಣ್ಣುಮಗಳು. ತಂದೆ ಮಠದಲ್ಲಿ ಪಾಠ ಹೇಳುತ್ತಿದ್ದರು. ಮಗಳು ಶಾಸ್ತ್ರ ಬಿಟ್ಟು ಕಾಯ್ದೆ ಓದಿದರು. ಮದುವೆಯಾಗಲಿಲ್ಲ. ನಾವೆಲ್ಲ ಅವರನ್ನು ಬಾಯಾರು ಅನ್ನುತ್ತಿದ್ದೆವು. ಕರಿ ಕೋಟಿನ ತೋಳು ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು, ಆದರೆ ಅದರ ಗುಂಡಿ ಒಂದೂ ಸಡಿಲಾದದ್ದನ್ನು ನಾನು ನೋಡಿಲ್ಲ.

ಅವರ ಸ್ವಭಾವ ಎಂಥದೆಂಬುದು ನನಗೆ ಗೊತ್ತಾದದ್ದು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯ ಮುಂದೆ. ಗಿರಣಿ ಮಾಲೀಕರು ಬಾಯಾರ ಕಕ್ಷಿದಾರರು. ಅಲ್ಲಿ ಕಳವಿನ ಪಂಪುಗಳಿವೆಯೆಂದು ಪೊಲೀಸ್ ಫೌಜದಾರರು ಝಡ್ತಿ ವಾರಂಟು, ಅಂದರೆ ಒಳಗೆಲ್ಲ ಹುಡುಕುವ ಅಪ್ಪಣೆ, ಹಿಡಿದು ಬಂದರು. ಬಾಯಾರು ಗಿರಣಿಯ ಕಟ್ಟೆಯ ಮೇಲೆ ಕುಳಿತು ಆ ಒಂದೇ ಹಾಳೆಯನ್ನು ಅರ್ಧ ತಾಸು ಓದಿದರು. ಅದರಲ್ಲಿ ಗಿರಣಿಯ ಹೆಸರಿರಲಿಲ್ಲ. 'ಸದರಿ ಓಣಿಯ ಎಲ್ಲಾ ಕಟ್ಟಡಗಳು' ಎಂದಿತ್ತು.

"ಓಣಿಗೆ ಓಣಿನ ಕಳ್ಳ ಅಂತೀರೇನ್ರಿ ಫೌಜದಾರ್ರ? ಯಾವ ಮನಿ, ಯಾವ ವಸ್ತು, ಯಾಕ ಸಂಶಯ, ಇಷ್ಟು ಬರಿಸಿಕೊಂಡು ಬರ್ರಿ. ನಾನ ಬಾಗಿಲು ತಗೀತೀನಿ," ಎಂದರು.

ಫೌಜದಾರರು ಸಿಡಿಮಿಡಿಗೊಂಡು ಹೋದರು. ಮಾಲೀಕರು ಊರಿಗೆಲ್ಲ ಚಹಾ ಕುಡಿಸಿದರು. ನಾಲ್ಕನೇ ದಿನ ಸರಿಯಾದ ಕಾಗದ ಬಂತು. ಬಾಯಾರು ಪೆನ್ಸಿಲ್ ಓಡಿಸಿ, ಗೆರೆ ಎಳೆದು, ಎದ್ದುನಿಂತು ತಾವೇ ಬಾಗಿಲ ಚಿಲಕ ತೆಗೆದರು. ತೌಡಿನ ಚೀಲಗಳ ಹಿಂದೆ ಮೂರು ಪಂಪುಗಳು ಸಿಕ್ಕವು. ಮಾಲೀಕರು ಮುಖ ಕಪ್ಪಿಟ್ಟು, "ಬಾಯಾರ, ನೀವು ನಮ್ಮ ವಕೀಲರೋ ಅವರ ವಕೀಲರೋ?" ಎಂದು ಕೇಳಿದರೆ ಇವರು, "ನಾ ಬಾಗಿಲದ ವಕೀಲಳು," ಎಂದರು. ಆ ಮಾಲೀಕರು ಮತ್ತೆಂದೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಇಂಥ ಕಟ್ಟುನಿಟ್ಟಿನ ಮನುಷ್ಯರು ದಿನಕ್ಕೊಮ್ಮೆ ಮಾತ್ರ ಮೆತ್ತಗಾಗುತ್ತಿದ್ದರು. ಮಧ್ಯಾಹ್ನ ನಾಲ್ಕಕ್ಕೆ ಸವಣೂರಿನಲ್ಲಿದ್ದ ಅಕ್ಕ ಇಂದಿರಾಬಾಯಿಗೆ ಫೋನು. ಏನಿರುತ್ತಿತ್ತು ಆ ಮಾತಿನಲ್ಲಿ? ಖಾರ ಮೆತ್ತಗಾಗಿದೆ, ವೀಳ್ಯದೆಲೆ ಚೆನ್ನಾಗಿ ಬಂದಿವೆ, ಬೆಳಗಿನ ಜಾವ ಕನಸಿನಲ್ಲಿ ಅಪ್ಪ ಬಂದಿದ್ದರು. ನಡುನಡುವೆ ಅಕ್ಕನ ಕೆಮ್ಮು. ನಾನು ಟೈಪು ಮಾಡುತ್ತ ಅದನ್ನೆಲ್ಲ ಅರೆಬರೆ ಕೇಳುತ್ತಿದ್ದೆ. ಒಂದು ಭಾದ್ರಪದದಲ್ಲಿ ಆ ಅಕ್ಕ ತೀರಿಕೊಂಡರು. ನಾಲ್ಕು ಗಂಟೆಯ ಮಾತು ನಿಂತಿತು. ಬಾಯಾರು ಆ ಹೊತ್ತಿಗೆ ಸುಮ್ಮನೆ ಕಡತ ಕಟ್ಟಿ ಬಿಚ್ಚಿ ಮಾಡುತ್ತಿದ್ದರು.

ಫಕ್ಕೀರಪ್ಪ ಮಾಸ್ತರರ ಖಟ್ಲೆ ಬಂದದ್ದು ಅದಾಗಿ ಎಂಟು ತಿಂಗಳಿಗೆ. ಅಕ್ಕಿಆಲೂರಿನ ಆಚೆಯ ಹಳ್ಳಿಯೊಂದರ ಶಾಲಾ ಮಾಸ್ತರು ಅವರು. ಶಾಲೆಯ ಗೋಡೆಗೆ ಮೈ ಉಜ್ಜಿಕೊಂಡು ವರದಾ ನದಿಯ ಮರಳಿನ ಲಾರಿಗಳು ಓಡುತ್ತವೆಂದು ವರ್ಷಗಟ್ಟಲೆ ಅರ್ಜಿ ಬರೆದಿದ್ದರು. ಒಂದು ದಿನ ಊರವರು ಲಾರಿ ತಡೆದರು, ಗಲಾಟೆಯಾಯಿತು. ಜನರನ್ನು ಎತ್ತಿಕಟ್ಟಿದವರು ಮಾಸ್ತರೇ ಎಂದು ಕೇಸು ಬಿತ್ತು. ಆರೋಪಪಟ್ಟಿಯ ಜೊತೆ ನಲವತ್ತು ಪುಟಗಳ ಒಂದು ಕಟ್ಟು ಬಂತು. ಮಾಸ್ತರು ಫೋನಿನಲ್ಲಿ ಆಡಿದ ಮಾತುಗಳನ್ನೆಲ್ಲ ಯಾರೋ ಕೇಳಿ ಬರೆದಿಟ್ಟಿದ್ದರು.

ಮಾಸ್ತರು, ಅವರ ಹೆಂಡತಿ ನೀಲವ್ವ ನನ್ನ ಅಂಗಡಿಯಲ್ಲಿ ಕುಳಿತಿದ್ದರು. ಬಾಯಾರು ಓದುತ್ತಿದ್ದರು. ಮಾತುಗಳ ನಡುವೆ ಕಂಸದಲ್ಲಿ ಮನೆಯ ಸದ್ದುಗಳೂ ಇದ್ದವು. (ಹಿಂದೆ ಮಗು ಅಳುತ್ತದೆ.) (ಕುಕ್ಕರ್ ಮೂರು ಸೀಟಿ.) (ಹೆಂಗಸು: ಬ್ಯಾಳಿ ತಳ ಹತ್ತಿತು.)

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹೌದ್ರೀ ಬಾಯಾರ, ಅವತ್ತು ಬ್ಯಾಳಿ ಹತ್ತಿತ್ರಿ. ಅವರು ನಮ್ಮ ಅಡಗಿಮನ್ಯಾಗ ನಿಂತಿದ್ರೇನ್ರಿ?"

ಆಮೇಲೆ ಒಂದು ಸಲ ನಾನು ಅವರ ಮನೆಗೆ ಸಹಿ ತರಲು ಹೋಗಿದ್ದೆ. ಫೋನನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಿದ್ದರು. ಆದರೂ ಗಂಡಹೆಂಡತಿ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ಮೂರು ವರ್ಷದ ಮಗಳು ನೀರು ಬೇಕೆಂದು ಕೇಳುವಾಗ ಬಾಯಿ ತೆರೆಯದೆ ಹೆಬ್ಬೆರಳನ್ನು ತುಟಿಗೆ ತೋರಿಸಿದಳು.

ಬಾಯಾರು ಒಂದೇ ಹಟ ಹಿಡಿದರು: ಕೇಳಲು ಅಪ್ಪಣೆ ಕೊಟ್ಟ ಕಾಗದ ತೋರಿಸಿ. ನನಗೆ ಆ ಕಾಯ್ದೆ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರೇ ಬಿಡಿಸಿ ಹೇಳಿದರು.

"ನೋಡು ರೇಣುಕಾ. ಮನಿ ಹುಡುಕಬೇಕಂದ್ರ ಸಾಮಾನ್ಯಾಗಿ ಕೋರ್ಟಿನ ಸಹಿ ಬೇಕು. ಫೋನಿಗೆ ಕಿವಿ ಇಡಬೇಕಂದ್ರ ಕೋರ್ಟಿಗೆ ಹೋಗೂದೂ ಬ್ಯಾಡ. ಸರಕಾರದ ದೊಡ್ಡ ಸಾಹೇಬರು ಸಹಿ ಹಾಕಿದ್ರ ಸಾಕು. ಆದ್ರ ಅವರೂ ಹಾಂಗ ಹಾಕೂಹಂಗಿಲ್ಲ. ಜನರ ಸುರಕ್ಷತೆಗೆ ಖರೇನ ಧಕ್ಕಿ ಇರಬೇಕು, ಬ್ಯಾರೆ ದಾರಿ ಇರಬಾರದು, ಕಾರಣ ಬರೀಬೇಕು, ಮ್ಯಾಲಿನ ಸಮಿತಿ ಅದನ್ನ ನೋಡಬೇಕು. ಬಾಗಿಲಿಗೆ ಬಂದವ ಕಣ್ಣಿಗೆ ಕಾಣ್ತಾನ, ಜಗಳಾ ಆಡಬಹುದು. ಕಿವಿ ಇಟ್ಟವ ಕಾಣೂದಿಲ್ಲ. ಅದಕ್ಕ ಅವನ ಕಾಗದ ಇನ್ನೂ ಘಟ್ಟಿ ಇರಬೇಕು."

ಆ ಕಾಗದ ಬರಲು ಐದು ತಿಂಗಳಾಯಿತು, ಅದೂ ಹೈಕೋರ್ಟಿಗೆ ಅರ್ಜಿ ಹಾಕಿದ ಮೇಲೆ. ಒಂದೇ ಹಾಳೆ. 'ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದ ಕೆಳಕಂಡ ಸಂಖ್ಯೆಗಳನ್ನು ಆಲಿಸಲು ಅನುಮತಿಸಿದೆ.' ಕೆಳಗೆ ಹನ್ನೊಂದು ಫೋನ್ ನಂಬರು, ಒಂದು ಸಹಿ. ಬಾಯಾರ ಪೆನ್ಸಿಲು ಹಾಳೆಯ ಹಿಂದೆ ಮುಂದೆ ಹರಿದು ಎಲ್ಲಿಯೂ ನಿಲ್ಲದೆ ಮೇಜಿಗೆ ಇಳಿಯಿತು. ನಾನು ಪ್ರತಿ ಮಾಡಲೆಂದು ನಂಬರುಗಳನ್ನು ಟೈಪು ಮಾಡತೊಡಗಿದೆ. ಏಳನೆಯದನ್ನು ಹೊಡೆಯುವಾಗ ನನ್ನ ಬೆರಳುಗಳು ಹಾಳೆ ನೋಡದೇ ತಾವೇ ಓಡಿದವು. ದಿನಾ ಎಷ್ಟು ಸಲ ಹೊಡೆದಿದ್ದೆನೋ, ಎಲ್ಲಾ ವಕಾಲತ್ತಿನ ಕೆಳಗೂ ಅದೇ ನಂಬರು.

"ಬಾಯಾರ," ಅಂದೆ, "ಇದು ನಿಮ್ಮ ನಂಬರ್ ಐತ್ರಿ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ಮಾಸ್ತರರ ಪರವಾಗಿ ಈ ಹಿಂದೆ ಎರಡು ಅರ್ಜಿ ಬರೆದುಕೊಟ್ಟದ್ದಷ್ಟೇ ಅವರ ತಪ್ಪು. ಆದೇಶದ ತಾರೀಖು ನೋಡಿದರೆ, ಆಗಿನ್ನೂ ಇಂದಿರಾಬಾಯಿ ಬದುಕಿದ್ದರು.

ಬಾಯಾರು ತಮ್ಮ ಹೆಸರಿನಲ್ಲೂ ಅರ್ಜಿ ಹಾಕಿದರು. ಬರೆದಿಟ್ಟದ್ದನ್ನು ಆಯಾ ಅರ್ಜಿದಾರರಿಗೆ ತೋರಿಸಿ ಎಂದು ಹೈಕೋರ್ಟು ಹೇಳಿದ್ದರಿಂದ ಅವರ ಪಾಲಿನ ಲಕೋಟೆ ನಮ್ಮ ಅಂಗಡಿಗೇ ಬಂತು. ಅವರು ಅದನ್ನು ಮೂರು ದಿನ ಮುಟ್ಟಲಿಲ್ಲ. ನಾಲ್ಕನೇ ದಿನ ಊಟದ ಹೊತ್ತಿಗೆ ಶೆಟರು ಅರ್ಧ ಎಳೆಸಿ, "ನೀ ಓದವಾ. ನನಗ ಆಗೂದಿಲ್ಲ," ಎಂದು ಗೋಡೆಯ ಕಡೆ ಮುಖ ಮಾಡಿ ಕುಳಿತರು.

ಓದಿದೆ. ಮೊದಮೊದಲು 'ಒಂದನೇ ವ್ಯಕ್ತಿ', 'ಎರಡನೇ ವ್ಯಕ್ತಿ' ಎಂದಿತ್ತು. ಖಾರ, ವೀಳ್ಯದೆಲೆ, ಕನಸು. ಟೈಪು ಮಾಡುವವಳಾದ್ದರಿಂದ ನನ್ನ ಕಣ್ಣು ಟೈಪು ಮಾಡಿದವನ ಕೈಯನ್ನೂ ನೋಡುತ್ತಿತ್ತು. ಅಚ್ಚುಕಟ್ಟಿನವ. ತಪ್ಪಿಲ್ಲ. ಇಪ್ಪತ್ತನೇ ಪುಟದ ಹೊತ್ತಿಗೆ 'ಎರಡನೇ ವ್ಯಕ್ತಿ' ಮಾಯವಾಗಿ ಅದರ ಜಾಗದಲ್ಲಿ 'ಅಕ್ಕ' ಬಂದಿತ್ತು. (ಅಕ್ಕ ಕೆಮ್ಮುತ್ತಾರೆ.) (ಅಕ್ಕ ನಗುತ್ತಾರೆ.) (ಇಂದು ಅಕ್ಕ ಕೆಮ್ಮಲಿಲ್ಲ.) ನಾನು ನಿಲ್ಲಿಸಿದೆ. ಬಾಯಾರು ತಿರುಗದೇ "ಮುಂದ" ಎಂದರು.

ಮುಂದೆ ಮಾತೇ ಇರಲಿಲ್ಲ. 'ನಾಲ್ಕು ಗಂಟೆ. ಕರೆ ಇಲ್ಲ.' ಮರುದಿನ, 'ನಾಲ್ಕು ಗಂಟೆ. ಕರೆ ಇಲ್ಲ.' ಹೀಗೆ ಹನ್ನೆರಡು ದಿನ. ಹದಿಮೂರನೇ ದಿನ, 'ನಾಲ್ಕು ಗಂಟೆ. ಅಕ್ಕನ ನಂಬರಿಗೆ ಕರೆ. ಎತ್ತಲಿಲ್ಲ. ಮತ್ತೊಮ್ಮೆ ಕರೆ. ಎತ್ತಲಿಲ್ಲ.'

ಗೋಡೆಯ ಕಡೆಯಿಂದ ದನಿ ಬಂತು. "ಹೌದು, ಮಾಡಿದ್ದೆ. ಸತ್ತವರಿಗೆ ಫೋನ್ ಮಾಡ್ತಾಳ ಮುದುಕಿ, ತಲಿ ಕೆಟ್ಟದ ಅಂದಾರಂತ ಯಾರಿಗೂ ಹೇಳಿರಲಿಲ್ಲ. ದೇವರ ಮುಂದೂ ಹೇಳಿರಲಿಲ್ಲ."

ಬಾಯಾರು ಅರ್ಜಿ ಗೆದ್ದರು. ಕಾರಣವಿಲ್ಲದ ಆದೇಶ ಆದೇಶವಲ್ಲ ಎಂದು ಹೈಕೋರ್ಟು ಅದನ್ನು ರದ್ದು ಮಾಡಿತು. ಕೇಳಿದ್ದು, ಬರೆದದ್ದು ಎಲ್ಲವನ್ನೂ ಅರ್ಜಿದಾರರ ಎದುರಿಗೇ ನಾಶ ಮಾಡಬೇಕೆಂದಿತು. ಮಾಸ್ತರರೂ ಮುಂದೆ ಖುಲಾಸೆಯಾದರು. ಆದರೆ ನಾಶ ಮಾಡುವ ಮುನ್ನಾದಿನ ನನಗೆ ತಡೆಯಲಾಗಲಿಲ್ಲ. ಬಾಯಾರ ಹತ್ತಿರ ಅಕ್ಕನ ದನಿಯ ಒಂದು ತುಣುಕೂ ಇರಲಿಲ್ಲವೆಂಬುದು ನನಗೆ ಗೊತ್ತು.

"ಒಂದು ಕಾಪಿ ಕೇಳ್ರಿ ಬಾಯಾರ. ಆರು ತಿಂಗಳ ಮಾತು ಐತ್ರಿ ಅದರಾಗ. ಇನ್ನೆಲ್ಲಿ ಸಿಗತೈತ್ರಿ?"

ಬಾಯಾರು ಕಡತದ ದಾರ ಬಿಚ್ಚಿ ಮತ್ತೆ ಕಟ್ಟಿದರು. "ಕೇಳಬೇಕಂತ ನನಗೂ ಅನಿಸೇದವಾ. ಆದ್ರ ಕಳುವಿನ ಮಾಲಿನ್ಯಾಗ ನಾ ಪಾಲು ಕೇಳಿದ್ರ, ನಾಳೆ ನೀಲವ್ವನ ಮುಂದ ಹ್ಯಾಂಗ ನಿಂದ್ರಲಿ?"

ಜಿಲ್ಲೆಯ ಒಂದು ಕಚೇರಿಗೆ ನಮ್ಮನ್ನು ಕರೆಸಿದರು. ಅಧಿಕಾರಿಯೊಬ್ಬರು ಕಾಗದಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿಸಿದರು. ದನಿ ಇದ್ದ ಸಿ.ಡಿ.ಯನ್ನು ಎತ್ತಿ ತೋರಿಸಿ, "ಒಂದ್ಸಲ ಕೇಳತೀರೇನ್ರಿ ಮೇಡಂ?" ಎಂದರು. ಬಾಯಾರು "ಬ್ಯಾಡ್ರಿ" ಎಂದರು. ಅದು ಮುರಿದಾಗ ಸಣ್ಣ ಸದ್ದಾಯಿತು, ಹಪ್ಪಳ ಮುರಿದಷ್ಟು. ಬಾಯಾರಿಗೆ ಕೆಮ್ಮು ಹತ್ತಿತು.

ಗೋಡೆಯ ಬದಿಗೆ ಇನ್ನೊಬ್ಬ ನಿಂತಿದ್ದ. ಮೂವತ್ತೈದರ ಸುಮಾರು, ತಿಳಿನೀಲಿ ಅಂಗಿ, ಎದ್ದು ಕಾಣದ ಮುಖ. ಯಾರೂ ಅವನ ಪರಿಚಯ ಮಾಡಿಸಿರಲಿಲ್ಲ. ಅವನು ಒಳಗೆ ಹೋಗಿ ಒಂದು ಲೋಟ ನೀರು ತಂದು ಬಾಯಾರ ಮುಂದಿಟ್ಟ. ಮೇಜಿನ ಮೇಲೆ ತಣ್ಣೀರಿನ ಬಾಟಲಿ ಆಗಲೇ ಇತ್ತು. ಇವನು ತಂದದ್ದರಿಂದ ಹಬೆ ಏಳುತ್ತಿತ್ತು, ಅಜವಾನದ ವಾಸನೆ ಬರುತ್ತಿತ್ತು. ಕೆಮ್ಮಿಗೆ ಅಜವಾನದ ಬಿಸಿನೀರು ಕುಡಿ ಎಂದು ಬಾಯಾರಿಗೆ ಹೇಳುತ್ತಿದ್ದವರು ಈ ಲೋಕದಲ್ಲಿ ಒಬ್ಬರೇ, ಅದೂ ನಾಲ್ಕು ಗಂಟೆಯ ಫೋನಿನಲ್ಲಿ.

ಬಾಯಾರು ಲೋಟ ನೋಡಿದರು. ಆಮೇಲೆ ಅವನನ್ನು ನೋಡಿದರು. "ನಿಮ್ಮ ಹೆಸರೇನಪಾ?"

ಅವನು ಕೈ ಮುಗಿದ. ಹೆಸರು ಹೇಳಲಿಲ್ಲ. ಹೊರಗೆ ಹೋದವನು ಮತ್ತೆ ಬರಲಿಲ್ಲ. ಬಾಯಾರು ಆ ನೀರು ಕುಡಿಯಲಿಲ್ಲ. ಆದರೆ ಏಳುವ ತನಕ ಲೋಟದ ಮೇಲೆ ಅಂಗೈ ಮುಚ್ಚಿಟ್ಟುಕೊಂಡೇ ಕುಳಿತಿದ್ದರು.

ಮರುವರ್ಷ ಅವರು ವಕೀಲಿ ಬಿಟ್ಟು ಸವಣೂರಿಗೆ ಹೋದರು. ನಾನು ಕೊನೆಯ ಸಲ ಕಂಡದ್ದು ಅಲ್ಲಿಯೇ, ಅಕ್ಕನ ಮನೆಯ ಪಡಸಾಲೆಯಲ್ಲಿ. ಬಹಳ ಇಳಿದಿದ್ದರು. ಅದೂ ಇದೂ ಮಾತಾದ ಮೇಲೆ ತಾವಾಗಿಯೇ ಹೇಳಿದರು: "ಕಾಗದಾ ಚೂರಾತು, ಸಿ.ಡಿ. ಮುರೀತು. ಅವನ ಕಿವ್ಯಾಗ ಇದ್ದದ್ದನ್ನ ಯಾವ ಕೋರ್ಟು ಅಳಸಬೇಕು? ನನಗ ಅಕ್ಕನ ದನಿ ಮರೀಲಿಕ್ಕತ್ತದ ರೇಣುಕಾ. ಎಷ್ಟು ಜಗ್ಗಿದ್ರೂ ಬರೂದಿಲ್ಲ. ಅವಗ ನೆನಪಿದ್ದೀತು." ಆಮೇಲೆ, "ಒಂದೊಂದು ದಿನ ಅವನನ್ನ ಹುಡುಕಿಕೊಂಡು ಹೋಗಿ ಕೇಳಬೇಕು ಅನಸ್ತದ. ಅದಕ್ಕ ನನಗ ಅಂಜಿಕಿ," ಎಂದರು.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಶೆಟರು ಎತ್ತುವಾಗ ಮೆಟ್ಟಿಲ ಮೇಲೆ ಫಕ್ಕೀರಪ್ಪ ಮಾಸ್ತರು ಕುಳಿತಿದ್ದರು. ಸವಣೂರಿಗೆ ಹೋಗಿದ್ದವರು, ಅಲ್ಲಿಂದ ಎರಡು ಬಸ್ಸು ಬದಲಿಸಿ ನೇರವಾಗಿ ಬಂದಿದ್ದರು. ಬಾಯಾರು ತೀರಿಹೋದರೆಂದು ಹೇಳಿದರು. ನಾನು ಅಳುತ್ತಲೇ, ಒಂದು ಫೋನ್ ಮಾಡಬಾರದಿತ್ತೇನ್ರಿ ಮಾಸ್ತರ, ಮುಖಾನಾದರೂ ನೋಡತಿದ್ದೆ ಅಂದೆ.

ಮಾಸ್ತರು ರಸ್ತೆಯ ಆಚೆ ಈಚೆ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ನಮಗಿಂತ ಮೊದಲ ಆ ಕಿವಿ ಇಟ್ಟವಗ ಗೊತ್ತಾಗೂದು ಬ್ಯಾಡಾಗಿತ್ರಿ," ಎಂದರು.