ಏರಿನಲ್ಲಿ ನನ್ನ ಸೀಟು ಹಿಡಿದವರು

ಏರಿನಲ್ಲಿ ಸೈಕಲ್ ತುಳಿಯುವವನನ್ನು ಕಂಡರೆ ನಮ್ಮ ಮಧುಗಿರಿ ಸೀಮೆಯ ಜನ ಸುಮ್ಮನಿರುವುದಿಲ್ಲ. ಓಡಿ ಬಂದು ಹಿಂದಿನಿಂದ ತಳ್ಳುತ್ತಾರೆ. ಕಡಲೆಕಾಯಿ ಮೂಟೆ ಹೇರಿಕೊಂಡು ಏದುಸಿರು ಬಿಡುವವನಿಗಾದರೆ ಸರಿ. ಮೂಟೆಯಿಲ್ಲ, ಹೊರೆಯಿಲ್ಲ, ಬೇಕೆಂದೇ ಏರು ತುಳಿಯುವ ನನ್ನನ್ನು ಯಾಕೆ ತಳ್ಳಬೇಕು? ಈಗ ನೆನೆದರೂ ಮೈ ಉರಿಯುತ್ತದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು. ಕೊರಟಗೆರೆಯಲ್ಲಿ ಗೇಟು, ಕಿಟಕಿ ಮಾಡುವ ಸ್ವಂತ ಅಂಗಡಿಯಿದೆ. ಅದನ್ನು ಯಾರೂ ನನಗೆ ಮಾಡಿಕೊಟ್ಟಿದ್ದಲ್ಲ. ಹೋದ ವರ್ಷ ನಮ್ಮೂರ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಕಂಬಿ ಕೂರಿಸುತ್ತಿದ್ದಾಗ, ಶಿರಾದಿಂದ ಹೊರಟ ಸೈಕಲ್ ಪಂದ್ಯದವರು ಅದೇ ರಸ್ತೆಯಲ್ಲಿ ಮೇಲೆ ಬಂದರು. ಬ್ಯಾಂಕಿನವರು, ಮೇಷ್ಟ್ರು, ಕಿರಾಣಿ ಅಂಗಡಿಯವರು. ಯಾರೂ ದೊಡ್ಡ ಆಟಗಾರರಲ್ಲ. ತುದಿ ಮುಟ್ಟಿದವರ ಮುಖ ನೋಡಿದೆ ನೋಡಿ, ಕೈಯಲ್ಲಿದ್ದ ಕೆಲಸ ಮರೆತುಹೋಯಿತು. ಮುಂದಿನ ಸಲ ನಾನೂ ಹತ್ತಬೇಕು, ಕಾಲು ಊರದೆ, ಯಾರ ಕೈಯೂ ಸೋಕದೆ. ಪಂದ್ಯದ ನಿಯಮವೂ ಅದೇ: ಬೇರೆಯವರು ಕೈ ತಾಗಿಸಿದರೆ ಔಟ್.

ದಿನಾ ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ಗುಡ್ಡಕ್ಕೆ ಹೋಗತೊಡಗಿದೆ. ಕೊನೆಯ ತಿರುವಿನಲ್ಲಿ ಒಂದು ಹುಣಸೆಮರ. ಅಲ್ಲಿ ರಸ್ತೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಅಲ್ಲಿಗೆ ಮುಟ್ಟುವುದರೊಳಗೆ ಲೋಕದ ಕರುಣೆಯೆಲ್ಲ ನನ್ನ ಮೇಲೆ ಸುರಿಯುತ್ತಿತ್ತು.

"ಬೈಕ್ ಎಲ್ಲಣ್ಣ? ಪೋಲೀಸ್ನೋರು ಹಿಡ್ದಾಕಂಡ್ರಾ?"

"ಅಯ್ಯೋ ಪಾಪ, ಸುಗರ್ ಇರ್ಬೇಕು ಕಣಮ್ಮ. ಡಾಕ್ಟ್ರು ತುಳಿ ಅಂದವ್ರೆ."

ಭಕ್ತರನ್ನು ಕರೆತಂದಿದ್ದ ಪಾವಗಡದ ಕಡೆಯ ಟೆಂಪೋದವನೊಬ್ಬ ಹಗ್ಗ ತೋರಿಸಿ, "ಏಮನ್ನಾ, ತಾಡು ಐತೆ, ಕಟ್ಟು, ಎಳ್ಕಂಡೋಗ್ತೀನಿ," ಅಂದ. ಬೇಡ ಅಂದರೆ ಅವನಿಗೇ ಬೇಜಾರು! ಕಷ್ಟಪಡುವುದು ನನ್ನ ಇಷ್ಟ ಅಂತ ಹೇಳಿದರೆ ಒಬ್ಬರೂ ನಂಬಲಿಲ್ಲ.

ಎಲ್ಲರಿಗಿಂತ ಕಾಟ ಕೊಟ್ಟವನು ನನ್ನ ಚಿಕ್ಕಪ್ಪ. ಅವನ ಹೊಲ ಆ ತಿರುವಿನ ಕೆಳಗೇ ಇದೆ. ನನ್ನ ಚಕ್ರ ಓಲಾಡಿದ್ದು ಕಂಡರೆ ಸಾಕು, ಕುರಿ ಬಿಟ್ಟು ಓಡಿಬಂದು ಸೀಟಿಗೆ ಕೈ ಹಾಕುತ್ತಿದ್ದ. ಬೈದೆ, ಬೇಡಿಕೊಂಡೆ. ಕೊನೆಗೆ ಪಂದ್ಯದ ಹಿಂದಿನ ದಿನ ಅವನ ಮನೆಗೇ ಹೋಗಿ ನಿಯಮ ಬಿಡಿಸಿ ಹೇಳಿದೆ.

"ನಾಳೆ ನೀನು ನನ್ನ ಮುಟ್ಟಂಗಿಲ್ಲ."

"ಆಯ್ತು ಕಣ್ಲಾ. ನಾನ್ಯಾಕೆ ಮುಟ್ಲಿ?"

ಪಂದ್ಯದ ದಿನ ಶಿರಾದಿಂದ ಮಧುಗಿರಿ ದಾಟಿ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ತೊಡೆ ಕಲ್ಲಾಗಿತ್ತು. ಆದರೂ ಹತ್ತಿದೆ. ಹುಣಸೆಮರದ ಹತ್ತಿರ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಹೊಯ್ದಾಡಿತು. ಹಲ್ಲು ಕಚ್ಚಿ ತುಳಿದೆ. ಇನ್ನೇನು ತಿರುವು ಮುಗಿಯಬೇಕು, ಸೈಕಲ್ಲು ಇದ್ದಕ್ಕಿದ್ದಂತೆ ಹಗುರವಾಯಿತು. ಹಾಗೆ ಹಗುರವಾಗುವುದು ಎಂದರೇನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

"ಚಿಕ್ಕಪ್ಪಾ, ಬುಡು! ಕೈ ಬುಡು!"

"ತುಳಿ ಮಗಾ, ನಾನಿವ್ನಿ!"

ಪೀಪಿ ಊದಿದ ಸದ್ದು ಕೇಳಿಸಿತು. ಪಂದ್ಯದ ಉಸ್ತುವಾರಿಯ ಹುಡುಗ ಬಂದು, "ಸರ್, ನೀವು ಔಟ್. ನಂಬರ್ ಬಿಚ್ಚಿಕೊಡಿ," ಅಂದ.

ಚಿಕ್ಕಪ್ಪ ಅವನ ಮೇಲೇ ಏರಿಹೋದ. "ಯಾಕಪ್ಪಾ ಔಟು? ನಾನೇನು ಇವನ್ನ ಒತ್ಕಂಡ್ ಬಂದ್ನಾ? ಎರಡ್ ಮಾರು ತಳ್ದೆ, ಅಷ್ಟೇಯ. ಮನ್ಸ ಬೀಳಂಗವ್ನೆ, ನೀನು ಪೀಪಿ ಊದ್ಕಂಡ್ ನಿಂತಿದ್ದೀಯಲ್ಲ, ಒಂದ್ ಕೈ ಹಾಕ್ಬಾರ್ದಾ?"

ಸುತ್ತ ನಿಂತವರು ನಕ್ಕರು. ಹೌದಲ್ಲ ಅಂತ ತಲೆಯನ್ನೂ ಆಡಿಸಿದರು.

"ನಿಂಗೆ ಎಷ್ಟು ಸಲ ಏಳಿದ್ದೆ?" ಅಂತ ಕಿರುಚಿದೆ.

"ನೀನು ಸೈಕಲ್ ಕಲಿಯೋವಾಗ ಕೆರೆ ಏರಿ ಮ್ಯಾಲೆ ಸೀಟ್ ಹಿಡ್ಕಂಡು ಓಡಿದ್ದು ಯಾರ್ಲಾ? ಆವಾಗ ಬುಡು ಅಂದಿದ್ಯಾ?"

"ಅಂದಿದ್ದೆ! ನೀನು ಆವಾಗ್ಲೂ ಬುಡ್ಲಿಲ್ಲ!"

"ಬುಟ್ಟಿದ್ರೆ ಬೀಳ್ತಿದ್ದೆ."

ಬಿದ್ದಿದ್ದರೆ ಏಳುತ್ತಿದ್ದೆ. ಬೀಳುವುದೂ ನನ್ನ ಹಕ್ಕಲ್ಲವೇ? ನಂಬರ್ ಬಿಚ್ಚಿಕೊಟ್ಟು, ಅವನ ಮುಖ ನೋಡದೆ ಮನೆಗೆ ಬಂದೆ.

ಮರುದಿನ ಬೆಳಗ್ಗೆ ಮತ್ತೆ ಹೋದೆ. ಪೀಪಿಯಿಲ್ಲ, ನಂಬರಿಲ್ಲ. ಹುಣಸೆಮರದ ಕೆಳಗೆ ಚಿಕ್ಕಪ್ಪ ಮಾತ್ರ ಇದ್ದ. ನನ್ನನ್ನು ಕಂಡು ಎದ್ದ. ಕಣ್ಣು ಕೆಕ್ಕರಿಸಿದೆ. ಅವನು ಹೆಗಲ ಟವೆಲ್ ತೆಗೆದು, ಎರಡೂ ಕೈಯನ್ನು ಬೆನ್ನ ಹಿಂದೆ ಅದರಲ್ಲಿ ಸುತ್ತಿಕೊಂಡು ಪಕ್ಕದಲ್ಲೇ ಹೆಜ್ಜೆ ಹಾಕಿದ. ಚಕ್ರ ಓಲಾಡಿದಾಗ ಅವನ ಭುಜ ಮುಂದಕ್ಕೆ ಜಗ್ಗಿತು, ಕೈ ಬರಲಿಲ್ಲ.

"ಬಿದ್ರೆ ಬೀಳ್ಲಾ, ನಂಗೇನು!" ಅಂತ ಬೈದ. "ಮೂದೇವಿ! ಎಡಕ್ಕೆ ಒಯ್ಯಬ್ಯಾಡ!"

ತಿರುವು ದಾಟಿತು. ಮೇಲೆ ನಾನೇ ಕೂರಿಸಿದ್ದ ಕಂಬಿ ಹಿಡಿದು ನಿಂತಾಗ, ಅವನು ನನಗಿಂತ ಹೆಚ್ಚು ಏದುಸಿರು ಬಿಡುತ್ತಾ ಬಂದ. ನನ್ನ ಮುಖ ಹೇಗಿತ್ತೋ, ಅವನು ಮಾತ್ರ ಸ್ವಲ್ಪ ಹೊತ್ತು ಅದನ್ನೇ ನೋಡಿದ.

ಅಲ್ಲಿಗೆ ಮುಗಿದಿದ್ದರೆ ಸಿಟ್ಟೆಲ್ಲ ಮರೆಯುತ್ತಿದ್ದೆ. ಸಂಜೆ ಟೀ ಅಂಗಡಿಗೆ ಹೋದರೆ ಚಿಕ್ಕಪ್ಪ ಊರವರಿಗೆ ಹೇಳುತ್ತಿದ್ದ: "ನಾನ್ ಪಕ್ಕದಾಗೆ ಇದ್ದೆ, ಅದ್ಕೇ ಗುಡ್ಡ ಅತ್ದ. ಇಲ್ದಿದ್ರೆ ಎಲ್ಲಿ ಆಯ್ತಿತ್ತು?"