ಬೊಳುವಾರಿನ ತಿರುವಿನಲ್ಲಿ ಒಂದು ಚೊಂಬು ನೀರು

ನನ್ನ ಕಾಲಿನ ಬಲದ ಬಗ್ಗೆ ನನಗೆ ಆಗಲೂ ಸಂಶಯ ಇರಲಿಲ್ಲ, ಈಗಲೂ ಇಲ್ಲ. ಸುಳ್ಯದ ಪೇಟೆಯಲ್ಲಿ ಅಪ್ಪನಿಗೆ ಟೈಲರ್ ಅಂಗಡಿ. ಅವರ ಪಕ್ಕದ ಮೆಷಿನ್ ತುಳಿದು ತುಳಿದು ಇಪ್ಪತ್ತು ದಾಟುವಾಗ ನನ್ನ ಮೀನಖಂಡ ಕಲ್ಲಾಗಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವುದು ನನ್ನ ಕೆಲಸ. ಅದಕ್ಕೆ ಮೊದಲು ನಾಲ್ಕೈದು ಮೈಲಿ ಓಡಿ ಬರುತ್ತಿದ್ದೆ, ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದೆ.

"ಮೆಷಿನ್ ತುಳಿದ್ರೆ ಅಂಗಿಯಾದ್ರೂ ಆಗ್ತದೆ. ಓಡಿದ್ರೆ ಎಂತ ಆಗ್ತದೆ ಮಾರಾಯ?" ಎಂಬುದು ಅಪ್ಪನ ಪ್ರಶ್ನೆ.

ಅರವತ್ತರ ದಶಕದ ಆರಂಭ. ಪುತ್ತೂರಿನಿಂದ ಕಬಕಕ್ಕೆ ಹೋಗಿ ತಿರುಗಿ ಬರುವ ಓಟವಿದೆ ಎಂದು ತಿಳಿದು ಒಂದು ದಿನದ ರಜೆ ಕೇಳಿದೆ. ಅಪ್ಪ ಕತ್ತರಿ ಕೆಳಗಿಡದೆ ಷರತ್ತು ಹಾಕಿದರು: "ಹೋಗು. ಫಸ್ಟ್ ಬಂದ್ರೆ ನಿನ್ನ ಓಟ ನಿಂಗೆ. ಬಾರದಿದ್ರೆ ಇನ್ನು ಓಡುದೂ ಇಲ್ಲ, ಅದರ ಸುದ್ದಿಯೂ ಇಲ್ಲ." ಎರಡು ಸಲ ಯೋಚಿಸದೆ ಒಪ್ಪಿದೆ. ಗೆಲ್ಲುವವನಿಗೆ ಷರತ್ತಿನ ಭಯ ಯಾಕೆ?

ನಾನೇ ಹೊಲಿದ ಚಡ್ಡಿ, ಬರಿಗಾಲು. ಕಬಕ ಮುಟ್ಟಿ ತಿರುಗುವಾಗ ನನ್ನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಗ್ರಹಚಾರ ಶುರುವಾದದ್ದು ಅಲ್ಲಿಂದ.

ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ರೂಢಿ. ಓಡುವವರೂ ಬಿಸಿಲಲ್ಲಿ ಬಂದವರೇ ಅಲ್ಲವೇ? ರಸ್ತೆ ಬದಿಯ ಮನೆಯವರು ಚೊಂಬು ಹಿಡಿದು ನಿಂತಿದ್ದರು. ಮೊದಲ ಮನೆಯ ಅಜ್ಜಿ ಕರೆದರು. ಕೊಟ್ಟ ನೀರು ಬೇಡವೆಂದರೆ ಆ ಮನೆಯವರನ್ನೇ ಬೇಡವೆಂದಂತೆ ಎಂದು ನನಗೆ ಕಲಿಸಿದ್ದು ಅಪ್ಪನೇ. ನಿಂತು ಬೆಲ್ಲ ಕಡಿದೆ, ನೀರು ಕುಡಿದೆ.

"ಯಾವ ಊರಾಯ್ತು ಮಗ?"

ಕೇಳಿದ್ದಕ್ಕೆ ಉತ್ತರ ಕೊಡದೆ ಹೋಗುವುದು ಹೇಗೆ? ಸುಳ್ಯ ಎಂದೆ. ಅವರ ತಂಗಿಯನ್ನು ಕೊಟ್ಟದ್ದು ಸುಳ್ಯಕ್ಕಂತೆ. ಆ ಮನೆ ಯಾವ ಕಡೆ ಎಂದು ಅವರು ವಿವರಿಸುವಷ್ಟರಲ್ಲಿ ಇಬ್ಬರು ನನ್ನನ್ನು ದಾಟಿ ಹೋದರು. ಎರಡನೆಯ ಮನೆಯಲ್ಲೂ ನಿಂತೆ, ಮೂರನೆಯದರಲ್ಲೂ. ಹೊಟ್ಟೆಯಲ್ಲಿ ನೀರು ಕುಲುಕಿ ಪಕ್ಕೆ ಹಿಡಿಯಿತು. ನನ್ನ ಮೇಲೆ ನನಗೇ ಕೆಂಡದಂಥ ಸಿಟ್ಟು ಬಂತು. ಕಾಲು ಸೋತು ಸೋಲಲಿ, ದಾಕ್ಷಿಣ್ಯಕ್ಕೆ ಸೋಲುವುದೆಂದರೇನು! ಪಕ್ಕೆ ಒತ್ತಿ ಹಿಡಿದು ಓಡಿ ಒಬ್ಬನನ್ನು ಹಿಂದೆ ಹಾಕಿದೆ. ಇನ್ನೊಬ್ಬ, ಕ್ಯಾನ್ವಾಸ್ ಶೂ ಹಾಕಿದ್ದವನು, ಹತ್ತು ಮಾರು ಮುಂದಿದ್ದ.

ಪುತ್ತೂರು ಪೇಟೆ ಇನ್ನೇನು ಬಂತು ಎನ್ನುವಾಗ ಸಿಗುವ ಬೊಳುವಾರಿನ ತಿರುವಿನಲ್ಲಿ ಇನ್ನೊಬ್ಬರು ಚೊಂಬು ಚಾಚಿ ನಿಂತಿದ್ದರು. ಕೊರಳಲ್ಲಿ ಅಳತೆಯ ಟೇಪು. ಅಪ್ಪ! ಜ್ವರ ಬಂದಾಗಲೂ ಅಂಗಡಿ ಮುಚ್ಚದ ಮನುಷ್ಯ ಬಸ್ಸು ಹತ್ತಿ ಬಂದು, ಯಾರದೋ ಮನೆಯಿಂದ ಚೊಂಬು ಕೇಳಿ ತಂದಿದ್ದರು.

"ಒಂದು ಗುಟುಕು ಕುಡ್ದು ಹೋಗು ಮಗ!"

ಅಪ್ಪ ಕೊಟ್ಟದ್ದನ್ನು ಅದುವರೆಗೆ ಬೇಡವೆಂದವನಲ್ಲ. "ಬೇಡ!" ಎಂದು ಕೂಗಿ ಮುಖ ನೋಡದೆ ಓಡಿದೆ. ಓಟ ಮುಗಿಯುವ ಮೈದಾನದ ಬಾಗಿಲಲ್ಲಿ ಶೂ ಹಾಕಿದವನನ್ನು ದಾಟಿದೆ. ಗೆದ್ದೆ.

ಗೆದ್ದ ಕಪ್ಪು ಹಿಡಿದು ಬೊಳುವಾರಿಗೆ ವಾಪಸು ನಡೆದೆ. ಅಪ್ಪ ಅಲ್ಲೇ ಇದ್ದರು, ಚೊಂಬಿನಲ್ಲಿ ನೀರು ಹಾಗೆಯೇ ಇತ್ತು. ದಾರಿಯಲ್ಲಿ ಮೂರು ಮನೆಗಳಲ್ಲಿ ನಿಂತ ಕಥೆ ಹೇಳಿದೆ.

"ಗುರ್ತಿಲ್ಲದವ್ರಿಗೆ ಬೇಡ ಹೇಳ್ಲಿಕ್ಕೆ ಆಗ್ಲಿಲ್ಲ ನಿಂಗೆ. ನಂಗೆ ಹೇಳಿದಿಯಲ್ಲ."

ಅವರಿಗೆ ನೋವಾಗಿತ್ತು. ನನಗೆ ಸಂಕಟವಾಯಿತು, ಆದರೆ ತಪ್ಪು ಮಾಡಿದೆನೆಂದು ಅನ್ನಿಸಲಿಲ್ಲ. ಓಟ ಮುಗಿಯುವ ತನಕ ಯಾರಿಗೆ ಬೇಕಾದರೂ ಬೇಡ ಎನ್ನಬಹುದು, ಮುಗಿದ ಮೇಲೆ ಅವರಿದ್ದಲ್ಲಿಗೆ ನಡೆದು ಹೋಗಬೇಕು. ನಾನು ಅಂದು ಕಲಿತದ್ದು ಇಷ್ಟೇ, ಬದುಕಿಗೆ ಸಾಕಾಯಿತು. ಚೊಂಬು ತೆಗೆದುಕೊಂಡು ತಳ ಕಾಣುವವರೆಗೆ ಕುಡಿದೆ.

ಅಪ್ಪ ಖಾಲಿ ಚೊಂಬನ್ನು ಪಂಚೆಯ ತುದಿಯಿಂದ ಒರೆಸಿದರು.

"ಇದು ಆ ಮನೆಗೆ ಕೊಟ್ಟು ಬರ್ತೇನೆ. ನಾಳೆಯಿಂದ ನೀನು ಓಡಿ ಆದ್ಮೇಲೆ ಬಾ. ಅಂಗಡಿ ಬಾಗಿಲು ನಾನು ತೆಗಿತೇನೆ."